ಹನ್ನೊಂದನೆಯ ಪುಟದ ಕೈ

"ಮುಖ ಒಂದು ಬದಲಾಯಿಸಿದರೆ ಸಾಕು ಇಂದುಧರ್ ಗಾರು. ಕೈ, ಸೀರೆ, ಒಲೆ ಎಲ್ಲ ಹಾಗೇ ಇರಲಿ. ಬಹಳ ಚೆನ್ನಾಗಿ ಬಂದಿದೆ" ಎಂದು ದಕ್ಷಿಣಾಮೂರ್ತಿ ತೆಲುಗಿನಲ್ಲಿ ಹೇಳಿ, ಸ್ಕೂಟರಿನ ಕೀಲಿಯನ್ನು ಕಿವಿಯಿಂದ ಹೊರಗೆ ತೆಗೆದ. ಅದರ ತುದಿಗೆ ಅಂಟಿ ಬಂದದ್ದನ್ನು ಒಮ್ಮೆ ದಿಟ್ಟಿಸಿ ನೋಡಿ ಪಂಚೆಗೆ ಒರೆಸಿಕೊಂಡ. ಅದೇ ಬೆರಳಿನಿಂದ ಮೇಜಿನ ಮೇಲಿದ್ದ ಚಿತ್ರದ ಹಾಳೆಯನ್ನು ಚಿತ್ರಕಾರ ಇಂದುಧರನ ಕಡೆಗೆ ತಳ್ಳಿದ.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಮೂರನೆಯ ಮಹಡಿಯಲ್ಲಿದ್ದ ಅವನ ಪ್ರಕಾಶನದ ಕಚೇರಿ ಏಪ್ರಿಲ್ ತಿಂಗಳಿನಲ್ಲಿ ಮನುಷ್ಯರು ಕೂರುವ ಜಾಗವಾಗಿರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಎಸೆಯುತ್ತಿತ್ತು. ದಕ್ಷಿಣಾಮೂರ್ತಿಯ ಗದ್ದದಿಂದ ಬೆವರಿನ ಒಂದು ಹನಿ ಹಾಳೆಯ ಅಂಚಿಗೆ ಬಿದ್ದು ಅಗಲವಾಯಿತು. ಅದು ಹನ್ನೊಂದನೆಯ ಪುಟ. ತಗಡಿನ ಶೆಡ್ಡಿನಲ್ಲಿ ಹೆಂಗಸೊಬ್ಬಳು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಲವತ್ತು ಹುಡುಗರಿಗೆ ಬೆಂದ ಅನ್ನದ ಕೊಪ್ಪರಿಗೆಯನ್ನು ಓರೆ ಮಾಡಿ ಗಂಜಿ ಬಸಿಯುತ್ತಿದ್ದಳು. ಅವಳ ಎಡಗೈ ಚಿತ್ರದ ಮುಂಭಾಗದಲ್ಲಿ ದೊಡ್ಡದಾಗಿ ಇತ್ತು. ಆ ಕೈಯ ಕಿರುಬೆರಳೂ ಉಂಗುರದ ಬೆರಳೂ ಸುಟ್ಟು, ಚರ್ಮ ಕೂಡಿಕೊಂಡು ಒಂದೇ ಆಗಿದ್ದವು.

ಆ ಹೆಂಗಸು ಗಂಗಾಭವಾನಿ. ರಮಾಕಾಂತರಾವ್ ಎಂಬ ಮಹಾಶಯನ ಮೊದಲ ಹೆಂಡತಿ. ರಮಾಕಾಂತರಾವ್ ಅಂದರೆ ಸಾವಿರಾರು ಮಕ್ಕಳನ್ನು ಹಾಸ್ಟೆಲಿನಲ್ಲಿ ಕೂಡಿಹಾಕಿ ಎಂಜಿನಿಯರು, ಡಾಕ್ಟರು ಮಾಡಿ ಹೊರಗೆ ಬಿಡುವ ರೆಸಿಡೆನ್ಷಿಯಲ್ ಕಾಲೇಜಿನ ಒಡೆಯ. ಅವನ ಅರವತ್ತನೆಯ ಹುಟ್ಟುಹಬ್ಬಕ್ಕೆ ಅವನ ಜೀವನವೇ ಮೂವತ್ತೆರಡು ಪುಟದ ಬಣ್ಣದ ಚಿತ್ರಕಥೆಯಾಗಿ ಬರಬೇಕಿತ್ತು. ಮೊದಲು ಅವನ ಎತ್ತರ ಹೆಚ್ಚಿಸಲು ಹೇಳಿದರು, ಇಂದುಧರ ಹೆಚ್ಚಿಸಿದ. ತಲೆಗೆ ಕೂದಲು ಕೇಳಿದರು, ಕೊಟ್ಟ. ಈಗ ಹನ್ನೊಂದನೆಯ ಪುಟದಲ್ಲಿ ಮೊದಲ ಹೆಂಡತಿಯ ಜಾಗಕ್ಕೆ ಎರಡನೆಯ ಹೆಂಡತಿ ವಿಜಯಲಕ್ಷ್ಮಿಯನ್ನು ಕೂರಿಸಬೇಕಂತೆ.

"ಆಗ ಈಕೆ ಅಲ್ಲಿ ಇರಲೇ ಇಲ್ಲವಲ್ಲ" ಎಂದ ಇಂದುಧರ.

ಯಾರು ಇದ್ದರು, ಯಾರು ಇರಲಿಲ್ಲ ಎಂದು ಓದುವವರಿಗೇನು ಗೊತ್ತು ಎಂದು ದಕ್ಷಿಣಾಮೂರ್ತಿ ನಕ್ಕ. ಆಮೇಲೆ, ನೆನಪಾದವನಂತೆ, ಇನ್ನೊಂದು ಮಾತು ಸೇರಿಸಿದ. ಇಂದುಧರನ ಮಗಳು ಹತ್ತನೆಯ ತರಗತಿ ಮುಗಿಸಿದ್ದಾಳಂತೆ, ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅವಳ ಹೆಸರು ಬರಲಿಲ್ಲವಂತೆ ಎಂದು ರಾವ್ ಗಾರು ವಿಚಾರಿಸಿದರು. ಪುಸ್ತಕ ಅವರ ಮನಸ್ಸಿಗೆ ಬಂದ ಹಾಗೆ ಬಂದರೆ ಹುಡುಗಿಯನ್ನು ಸ್ಪೆಷಲ್ ಬ್ಯಾಚಿಗೇ ತೆಗೆದುಕೊಳ್ಳೋಣ ಎಂದರು. ಇಷ್ಟು ಹೇಳಿ ಕೀಲಿಯನ್ನು ಇನ್ನೊಂದು ಕಿವಿಗೆ ಹಾಕಿದ.

ಇಂದುಧರ ಹಾಳೆಯನ್ನು ಚೀಲಕ್ಕೆ ಸೇರಿಸಿಕೊಂಡು ಎದ್ದ. ಆಗುವುದಿಲ್ಲ ಎಂದು ಹೇಳಿ ಏಳಬೇಕಿತ್ತು. ಹೇಳಲಿಲ್ಲ.

ಹತ್ತು ವರ್ಷದ ಹಿಂದೆ ಅವನು ಹೀಗಿರಲಿಲ್ಲ ಎಂದು ಅವನ ಪರವಾಗಿ ಒಂದು ಮಾತು ಹೇಳಬಹುದು. ಮಧುಗಿರಿ ಕಡೆಯ ಹೊನ್ನಪ್ಪ ಎಂಬ ನೌಕಾಪಡೆಯ ನಾವಿಕನ ಮಗ. ವಿಶಾಖಪಟ್ಟಣದಲ್ಲೇ ಬೆಳೆದ, ತೆಲುಗಿನಲ್ಲೇ ಓದಿದ, ಅಂಗಡಿಗಳ ಬೋರ್ಡು ಬರೆದು ಕೈ ಪಳಗಿಸಿಕೊಂಡ. ರಾಜರ, ರಾಕ್ಷಸರ ಚಿತ್ರಕಥೆಗಳೇ ತುಂಬಿದ್ದ ಕಾಲದಲ್ಲಿ, ನಮ್ಮ ಬೀದಿಯಲ್ಲಿ ಓಡಾಡುವ ಜನರ ಬದುಕನ್ನು ಯಾಕೆ ಬರೆಯಬಾರದು ಎಂದು ಅವನಿಗೆ ಹೊಳೆಯಿತು. ಮೊದಲನೆಯದು ಹೆರಿಗೆ ಆಸ್ಪತ್ರೆಯ ಆಯಾ ಕೋಟೇಶ್ವರಮ್ಮನ ಕಥೆ. ಆ ಪುಸ್ತಕ ಬಸ್ ನಿಲ್ದಾಣಗಳಲ್ಲಿ ಬಿಸಿ ಬಜ್ಜಿಯ ಹಾಗೆ ಖರ್ಚಾಯಿತು. ಆಗ ಅವನು ಎರಡು ಪದ್ಧತಿ ಇಟ್ಟುಕೊಂಡ. ಯಾರ ಕಥೆ ಬರೆದರೂ ಅವರ ಮನೆಯಲ್ಲಿ ಒಂದು ದಿನ ಕೂತು, ಅವರು ಹಾಕಿದ್ದನ್ನು ಉಂಡು, ಮುಖಕ್ಕಿಂತ ಮೊದಲು ಕೈ ಬರೆದುಕೊಳ್ಳುವುದು. ಪುಸ್ತಕ ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ತಾನೇ ಒಯ್ದು ಅವರ ಕೈಗೆ ಕೊಡುವುದು. ಕೋಟೇಶ್ವರಮ್ಮ ತನ್ನ ಪ್ರತಿಯನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳು.

ಆಮೇಲೆ ಒಬ್ಬ ಸಿನಿಮಾ ಮಂದಿರದ ಮಾಲೀಕ ಬಂದ. ಅವನ ಹಿಂದೆ ಸಾರಾಯಿ ಕಂಟ್ರಾಕ್ಟರು, ಅವನ ಹಿಂದೆ ಸಿಗಡಿ ಕೆರೆಗಳ ಒಡೆಯ. ಎಲ್ಲರೂ ಬಾಲ್ಯದಲ್ಲಿ ಬರಿಗಾಲಿನಲ್ಲಿ ಶಾಲೆಗೆ ನಡೆದವರು. ಎಲ್ಲರೂ ಬೀದಿದೀಪದ ಕೆಳಗೆ ಓದಿದವರು. ಇಂದುಧರನ ಬಳಿ ಒಂದು ಬೀದಿದೀಪದ ಟ್ರೇಸಿಂಗ್ ತಯಾರಾಗಿಯೇ ಇತ್ತು. ಕಂಬ ಅದೇ, ಕೆಳಗೆ ಕೂತ ಹುಡುಗನೂ ಅವನೇ, ಮುಖ ಮಾತ್ರ ಹೊಸದು. ಸಾರಾಯಿ ಕಂಟ್ರಾಕ್ಟರನ ತಾತನಿಗೆ ಎರಡು ಅಕ್ಕಿ ಗಿರಣಿಗಳಿದ್ದವು. ಅವನ ಮನೆಯಲ್ಲೂ ಕೂತು ಉಂಡು ಬಂದಿದ್ದ ಇಂದುಧರನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಬರೆದ. ಪ್ರತಿ ಸಲವೂ ಬರೆದು ಮುಗಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ, ತೊಳೆದರೂ ಹೇಸಿಗೆ ಹೋಗುತ್ತಿರಲಿಲ್ಲ, ಮುಂದಿನ ತಿಂಗಳು ಮತ್ತೆ ಬ್ರಷ್ಷು ಹಿಡಿಯುತ್ತಿದ್ದ.

ಗಂಗಾಭವಾನಿಯನ್ನು ನೋಡಲು ಅವನಿಗೆ ಯಾರೂ ಹೇಳಿರಲಿಲ್ಲ. ಕಾಲೇಜಿನ ಹಳೆಯ ವಾಚ್‌ಮನ್ ಬಾಯಿತಪ್ಪಿ, ಮೊದಲ ಅಮ್ಮಗಾರು ಇಬ್ರಾಹಿಂಪಟ್ಟಣ ದಾಟಿ ಕೊಂಡಪಲ್ಲಿ ರಸ್ತೆಯಲ್ಲಿ ಮೆಸ್ ನಡೆಸುತ್ತಾರೆ ಎಂದಿದ್ದ. ಫೆಬ್ರವರಿಯ ಒಂದು ಬೆಳಗ್ಗೆ ಹೋದ. ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಎದುರಿಗೇ ಕಾಣುವ ಜಾಗ. ಒಣಹಾಕಿದ ಬಟ್ಟೆ, ಬೆಂಚು, ನೀರಿನ ಡ್ರಮ್ಮಿನ ಮುಚ್ಚಳ ಎಲ್ಲದರ ಮೇಲೂ ತೆಳುವಾಗಿ ಬೂದಿ. ಕಂಟ್ರಾಕ್ಟ್ ಕೂಲಿಗಳಿಗೆ ಅನ್ನ ಹಾಕುತ್ತಿದ್ದ ಆಕೆ ಇವನ ತೆಲುಗನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇವನ ಊರು ಯಾವುದೆಂದು ಕೇಳಿದಳು. ಮಧುಗಿರಿ ಎಂದದ್ದೇ ತಡ, ಅವಳ ಮಾತೇ ಬದಲಾಯಿತು.

"ಕನ್ನಡದವರಾ? ಮೊದ್ಲ ಹೇಳಬಾರದೇನ್ರಿ. ನಾ ಬೆಳದಿದ್ದು ಸಿಂಧನೂರಿನ ಕ್ಯಾಂಪಿನಾಗ. ಏಳನೇ ಕ್ಲಾಸ್ ಮಟ ಕನ್ನಡ ಸಾಲ್ಯಾಗ ಕಲ್ತೀನಿ."

ತುಂಗಭದ್ರೆಯ ಕಾಲುವೆ ಬಂದಾಗ ಕೃಷ್ಣಾ ತೀರದಿಂದ ಅಲ್ಲಿಗೆ ಹೋಗಿ ಹೊಲ ಮಾಡಿದವರ ಮಗಳು ಅವಳು. ಮದುವೆಯಾಗಿ ಇತ್ತ ಬಂದ ಮೇಲೆ ಕನ್ನಡ ಆಡಲು ಒಂದು ಜೀವವೂ ಸಿಕ್ಕಿರಲಿಲ್ಲ. ಆ ದಿನ ಅವಳು ಇವನಿಗಾಗಿ ಜೋಳದ ರೊಟ್ಟಿ ತಟ್ಟಿದಳು. ರಾಗಿಮುದ್ದೆಯ ಸೀಮೆಯವನಾದ ಇಂದುಧರನಿಗೆ ಅದು ಗಂಟಲಿನಲ್ಲಿ ಇಳಿಯದಿದ್ದರೂ ನಾಲ್ಕು ತಿಂದ. ತವರಿನ ಭಾಷೆ ಸಿಕ್ಕ ಸಂತೋಷದಲ್ಲಿ ಅವಳು ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಟ್ಯುಟೋರಿಯಲ್ ಎಂಬ ತಗಡಿನ ಶೆಡ್ಡು, ನಲವತ್ತು ಹುಡುಗರು, ಮಾರಿದ ಬಳೆಗಳು. ಎಪ್ಪತ್ತಾರರ ಒಂದು ಬೆಳಗ್ಗೆ ಅನ್ನದ ಡಬರಿ ಜಾರಿ ಕುದಿಯುವ ಗಂಜಿ ಕೈಮೇಲೆ ಸುರಿದಾಗ, ಮಕ್ಕಳಿಗೆ ಬಡಿಸಿದ ಮೇಲೆ ಆಸ್ಪತ್ರೆಗೆ ಹೋದರಾಯಿತು ಎಂದಿದ್ದನಂತೆ ಗಂಡ. ಹೋಗುವ ಹೊತ್ತಿಗೆ ಎರಡು ಬೆರಳು ಕೂಡಿಕೊಂಡಿದ್ದವು. ಮೂರು ವರ್ಷ ಕಳೆದ ಮೇಲೆ ಅವನು ಇನ್ನೊಬ್ಬಳನ್ನು ತಂದ. ಗೋಡೆಯ ಮೇಲಿನ ಫೋಟೋಗಳಲ್ಲಿ ಇವಳ ಮುಖವಿದ್ದವನ್ನೆಲ್ಲ ಇಳಿಸಿದರು.

ಇಂದುಧರ ಆ ಕೈಯನ್ನು ಒಂಬತ್ತು ಸಲ ಬರೆದುಕೊಂಡ. ಹೊರಡುವಾಗ ಅವಳು ಮಗಳ ಓದಿನ ಬಗ್ಗೆಯೂ ವಿಚಾರಿಸಿ, ಪುಸ್ತಕ ಬಂದಾಗ ತನಗೊಂದು ತಂದುಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದ್ದಳು. ಮೊದಲ ಪ್ರತಿ ನಿಮಗೇ ಎಂದು ಅವನು ಮಾತು ಕೊಟ್ಟಿದ್ದ.

ಈಗ ಅದೇ ಪುಟವನ್ನು ಚೀಲದಲ್ಲಿಟ್ಟುಕೊಂಡು ವಿಶಾಖಪಟ್ಟಣಕ್ಕೆ ಮರಳಿ, ಎಂವಿಪಿ ಕಾಲೋನಿಯ ತನ್ನ ಮನೆಯಲ್ಲಿ ಎರಡು ದಿನ ಅದನ್ನು ಬಿಚ್ಚದೆ ಕೂತ. ಹೆಂಡತಿ ವೇದವತಿ ತಿಪಟೂರಿನಿಂದ ಈ ಕಡೆಗೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತೆ. ಅವಳ ಸಂಬಳದಲ್ಲೇ ಮನೆ ನಡೆಯುತ್ತಿದ್ದುದು, ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಕಾಲೋನಿಯ ಮೂಲೆಮೂಲೆಗೆ ಕೋಚಿಂಗ್ ಸೆಂಟರ್, ಎದುರುಮನೆಯ ಹುಡುಗನಿಗೆ ಎಷ್ಟನೆಯ ರ್‍ಯಾಂಕು ಎಂಬುದು ಹಾಲಿನವನಿಗೂ ಗೊತ್ತಿರುವ ಜಾಗ. ಸೀಟಿನ ವಿಷಯ ಕೇಳಿದ ಮೇಲೆ ಅವಳು ಸುಮ್ಮನಿರಲಿಲ್ಲ.

"ಲಿಸ್ಟಲ್ಲಿ ಹೆಸ್ರಿಲ್ಲ ಅಂತ ಶುಭಾ ಮೂರು ದಿನ ಊಟ ಬಿಟ್ಟಿದ್ಲು, ನೆನಪಿದ್ಯಾ ನಿಮಗೆ? ಬೀದಿದೀಪದ ಕೆಳಗೆ ಎಷ್ಟು ಜನರನ್ನ ಕೂರಿಸಿದ್ದೀರಿ. ಇದೊಂದು ಮುಖಕ್ಕೆ ಯಾಕೆ ಇಷ್ಟು ಮಡಿ?"

ಆ ಮಾತಿಗೆ ಅವನಿಗೆ ಸಿಟ್ಟು ಬಂತು. ಅವಳ ಮೇಲಲ್ಲ.

ಮರುದಿನ ವಿಜಯಲಕ್ಷ್ಮಿಯ ಸ್ಟುಡಿಯೋ ಫೋಟೋ ಎದುರಿಗಿಟ್ಟುಕೊಂಡು ಬೇರೆ ಹಾಳೆಯಲ್ಲಿ ಅವಳ ಮುಖ ಬರೆದ. ತುಂಬು ಕೆನ್ನೆ, ಹೊಳೆಯುವ ಮೂಗುತಿ, ಒಲೆಯ ಹೊಗೆಯನ್ನು ಎಂದೂ ಕಾಣದ ಕಣ್ಣು. ಬ್ಲೇಡಿನಿಂದ ಗಲ್ಲದ ಗುಂಟ ಕತ್ತರಿಸಿ, ಹಿಂಬದಿಗೆ ರಬ್ಬರ್ ಸೊಲ್ಯೂಷನ್ ಹಚ್ಚಿ ಗಂಗಾಭವಾನಿಯ ಮುಖದ ಮೇಲೆ ಅಂಟಿಸಿದ. ಕುತ್ತಿಗೆಯ ಬಳಿ ಗೀಟು ಕಾಣದಂತೆ ಬಿಳಿ ಬಣ್ಣ ಸವರಿದ. ಅಂಚಿನಿಂದ ಹೊರಬಂದ ಸೊಲ್ಯೂಷನ್ನನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಅದು ಕೊಳೆಯಾಗಿ, ಸಣ್ಣ ಸಣ್ಣ ಉಂಡೆಗಳಾಗಿ ಉದುರಿತು. ಮೂಗಿನಿಂದ ತೆಗೆದದ್ದರಂತೆ ಕಂಡ ಅದನ್ನು ಅವನು ಪಂಚೆಗೆ ಒರೆಸಿಕೊಂಡ.

ಕೈಯನ್ನು ಮಾತ್ರ ಅವನು ಮುಟ್ಟಲಿಲ್ಲ. ಹೇಗೂ ಕೈ ಹಾಗೇ ಇರಲಿ ಎಂದು ಅವರೇ ಹೇಳಿದ್ದರು. ಆ ಎರಡು ಬೆರಳನ್ನು ದಕ್ಷಿಣಾಮೂರ್ತಿ ಗಮನಿಸಿಯೂ ಇರಲಿಲ್ಲ. ಗೊತ್ತಿದ್ದವರು ನೋಡಿದರೆ ಇದು ಯಾರ ಕೈ ಎಂದು ಗುರುತು ಹಿಡಿಯುತ್ತಾರೆ, ಸುಳ್ಳು ಅಲ್ಲೇ ಬಯಲಾಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಷ್ಟನ್ನೇ ಧೈರ್ಯ ಎಂದೂ ಕರೆದುಕೊಂಡ. ಮನುಷ್ಯ ತನ್ನ ಅನುಕೂಲಕ್ಕೆ ಏನೇನೆಲ್ಲ ಹೆಸರಿಡುತ್ತಾನೆ ನೋಡಿ.

ಶುಭಾ ಹಿಂದಿನಿಂದ ಬಂದು ಬಗ್ಗಿ ನೋಡಿದಳು. ಅವಳಿಗೆ ಕನ್ನಡ ಮನೆಯೊಳಗಿನ ಮಾತು, ಅದೂ ಅರ್ಧ, ಉಳಿದರ್ಧ ತೆಲುಗು.

"ನಾನ್ನಾ, ಈಕೆ ಬೆರಳು ಎಂದುಕು ಹಂಗಿದೆ?"

"ಗಂಜಿ ಬಿದ್ದು ಸುಟ್ಟಿದ್ದು."

"ಪಾಪಂ" ಎಂದು ಅವಳು ಒಂದು ಕ್ಷಣ ನಿಂತಳು. ಆಮೇಲೆ ಹಾಸ್ಟೆಲಿಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿ ಬರೆಯಲು ಹೋದಳು.

ಜೂನ್ ಎರಡನೆಯ ವಾರ ಗಂಡಹೆಂಡತಿ ಇಬ್ಬರೂ ಮಗಳನ್ನು ಸೇರಿಸಲು ವಿಜಯವಾಡಕ್ಕೆ ಬಂದರು. ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಂದ ತಂದೆತಾಯಿಯರ ಎದೆಗೆ ಕಾಲೇಜಿನ ಮತ್ತು ಅದರ ಒಡೆಯನ ಹೆಸರಿದ್ದ ಹಸಿರು ರಿಬ್ಬನ್ನಿನ ಬಿಲ್ಲೆ ಚುಚ್ಚಿ, ಕೈಗೆ ಒಂದೊಂದು ಪುಸ್ತಕ ಕೊಟ್ಟು ಕೂರಿಸಿದರು. ಮುಖಪುಟದಲ್ಲಿ ರಮಾಕಾಂತರಾವ್ ಬೀದಿದೀಪದ ಕೆಳಗೆ ಓದುತ್ತಿದ್ದ. ಅವನ ಭಾಷಣ ಮುಗಿದ ಮೇಲೆ ವಿಜಯಲಕ್ಷ್ಮಿ ಮೈಕಿನ ಮುಂದೆ ಬಂದಳು. ಎಲ್ಲರೂ ಹನ್ನೊಂದನೆಯ ಪುಟ ತೆಗೆಯಿರಿ ಎಂದಳು. ಹಾಳೆ ಮಗುಚುವ ಸದ್ದು ಶಾಮಿಯಾನದ ತುಂಬ ಎದ್ದಿತು.

"ನಿಮ್ಮ ಮಕ್ಕಳನ್ನು ಯಾರ ಕೈಗೆ ಕೊಡುತ್ತಿದ್ದೀರಿ ಅಂತ ತಾಯಂದಿರಿಗೆ ಭಯ ಇರುತ್ತೆ. ನೋಡಿ, ಈ ಕೈಗೆ ಕೊಡುತ್ತಿದ್ದೀರಿ. ನಲವತ್ತು ಮಕ್ಕಳಿಗೆ ಗಂಜಿ ಬಸಿಯುತ್ತ ಸುಟ್ಟುಕೊಂಡ ಕೈ. ಆಮೇಲೆ ರಾವ್ ಗಾರು ಮದ್ರಾಸಿಗೆ ಕರೆದೊಯ್ದು ಆಪರೇಷನ್ ಮಾಡಿಸಿದರು" ಎಂದು ಅವಳು ತೆಲುಗಿನಲ್ಲಿ ಹೇಳಿ ಎಡಗೈ ಎತ್ತಿ ತೋರಿಸಿದಳು. ಐದು ಬೆರಳೂ ನುಣ್ಣಗೆ, ಬೇರೆ ಬೇರೆಯಾಗಿ, ಉಂಗುರ ಹಾಕಿಕೊಂಡು ನಿಂತಿದ್ದವು.

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಒಬ್ಬ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವೇದವತಿಯೂ ಎಲ್ಲರ ಜೊತೆ ಎರಡು ಸಲ ತಟ್ಟಿ, ಏನೋ ಹೊಳೆದವಳಂತೆ ನಿಲ್ಲಿಸಿ, ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಗಂಡನ ಕಡೆ ನೋಡಲಿಲ್ಲ.

ಇಂದುಧರ ಎದ್ದು ಕ್ಯಾಂಟೀನಿನ ಹಿಂದಿನ ನಲ್ಲಿಯ ಬಳಿ ಹೋದ. ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ಆ ಕೈಯನ್ನು ಅವನು ಹಾಗೇ ಬಿಡದೆ ಇದ್ದಿದ್ದರೆ ಈ ಹೆಂಗಸು ಇಂಥ ಕಥೆ ಕಟ್ಟುವಂತೆಯೇ ಇರಲಿಲ್ಲ. ಸುಳ್ಳನ್ನು ಬಯಲು ಮಾಡಲಿ ಎಂದು ಇವನು ಬಿಟ್ಟಿದ್ದ ಕೈ ಅವರ ಸುಳ್ಳಿಗೇ ಸಾಕ್ಷಿ ಹೇಳಿ ಬಂದಿತ್ತು. ಅವರ ಮೇಲೆ ಹುಟ್ಟಿದ ಹೇಸಿಗೆಗೆ ಒಂದು ಮಿತಿಯಾದರೂ ಇತ್ತು, ತನ್ನ ಮೇಲೆ ಹುಟ್ಟಿದ್ದಕ್ಕೆ ಇರಲಿಲ್ಲ. ಪಕ್ಕದಲ್ಲಿ ಹಾಸ್ಟೆಲಿನ ಅನ್ನ ಬೇಯುತ್ತಿತ್ತು, ಸೋಡಾಪುಡಿಯ ವಾಸನೆ ಬರುತ್ತಿತ್ತು.

ಶುಭಾ ಟ್ರಂಕಿನ ಒಂದು ಹಿಡಿ ತಾನು ಹಿಡಿದು, ಇನ್ನೊಂದು ಹಿಡಿಯನ್ನು ಆಗಷ್ಟೇ ಗುರುತಾದ ಹುಡುಗಿಯ ಕೈಗೆ ಕೊಟ್ಟು, ನಗುತ್ತ ಒಳಗೆ ಹೋದಳು. ಅವಳನ್ನು ತಡೆಯಬೇಕೆಂದು ಇಂದುಧರನಿಗೆ ಅನ್ನಿಸಿತು. ಗೇಟು ಮುಚ್ಚುವವರೆಗೂ ಅನ್ನಿಸುತ್ತಲೇ ಇತ್ತು. ನಾನು ಕೊಂಡಪಲ್ಲಿಗೆ ಹೋಗಿ ಬರುತ್ತೇನೆ, ನೀನು ಸ್ಟೇಷನ್ನಿನಲ್ಲಿರು ಎಂದು ವೇದವತಿಗೆ ಹೇಳಿದ. ಅವಳು ತನ್ನ ಪಾಲಿನ ಪುಸ್ತಕವನ್ನೂ ತೆಗೆದು ಅವನ ಚೀಲಕ್ಕೆ ಹಾಕಿದಳು.

ಮೆಸ್ಸಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಗಂಗಾಭವಾನಿ ಬೆಂಚಿನ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಮೊರವನ್ನು ಬದಿಗಿಟ್ಟಳು.

"ಬರ್ತಾರೋ ಇಲ್ಲೋ ಅನ್ಕೊಂಡಿದ್ದೆ. ಬಂದ್ರಿ" ಎಂದು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು.

ಒಂದೊಂದೇ ಪುಟ ನಿಧಾನವಾಗಿ ತಿರುವಿದಳು. ಗಂಡನ ಬರಿಗಾಲಿನ ಬಾಲ್ಯ ನೋಡಿ ತುಟಿಯಂಚಿನಲ್ಲಿ ಒಂದು ನಗು ಬಂದು ಹೋಯಿತು. ಹನ್ನೊಂದಕ್ಕೆ ಬಂದಾಗ ನಿಂತಳು. ಮೇಲೆ ಕೂತಿದ್ದ ಬೂದಿಯನ್ನು ಊದಿ, ಎಡಗೈಯನ್ನು ಹಾಳೆಯ ಮೇಲೆ ಬರೆದ ಕೈಯ ಪಕ್ಕಕ್ಕೆ ಇಟ್ಟಳು. ಎರಡೂ ಒಂದೇ ಆಗಿದ್ದವು. ಇಂದುಧರ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅವಸರವಾಗಿ ಹೊರಗೆ ಹಾಕಿದ.

"ಮುಖ ಬದಲಾಯಿಸು ಅಂದ್ರು ಅಮ್ಮ. ನಾನು ಬದಲಾಯಿಸ್ದೆ, ತಪ್ಪಾಯ್ತು. ಆದ್ರೆ ಕೈ ನಿಮ್ಮದೇ. ಗೊತ್ತಿದ್ದೋರಿಗೆ ಗೊತ್ತಾಗ್ಲಿ ಅಂತ ಕೈ ಮಾತ್ರ ಮುಟ್ಟಲಿಲ್ಲ."

ಅವಳು ಎಡಗೈಯನ್ನು ಹಾಳೆಯಿಂದ ಹಿಂದಕ್ಕೆ ತೆಗೆದುಕೊಂಡಳು. ದನಿ ಏರಿಸದೆ ಹೇಳಿದಳು:

"ಮಾರಿ ಹೋದ್ರ ಹೋಗ್ಲಿ ಬಿಡ್ರಿ. ಅದು ಗ್ವಾಡಿ ಮ್ಯಾಗಿಂದ ಹೋಗಿ ಹದಿನಾಕು ವರ್ಷ ಆತು. ಕೈ ಯಾಕ ಕೊಟ್ರಿ ಆಕಿಗೆ? ಸುಟ್ಟಿದ್ದು ನನಗ. ನಂದು ಅಂತ ಅದೊಂದ ಉಳದಿತ್ತು."

ಇಂದುಧರ ತಲೆ ತಗ್ಗಿಸಿದ. ಶಾಮಿಯಾನದ ಕೆಳಗೆ ನಡೆದದ್ದನ್ನು ಹೇಳಲಿಲ್ಲ. ಹೊರಗೆ ಲಾರಿಯೊಂದು ಹೋಗಿ, ಎದ್ದ ಬೂದಿ ಮತ್ತೆ ಬೆಂಚಿನ ಮೇಲೆ ಕೂತಿತು.

"ಮಗಳು ಪರೀಕ್ಷಿ ಪಾಸಾದ್ಲಲ್ಲ?" ಎಂದು ಅವಳೇ ಕೇಳಿದಳು. ಹೌದು ಎಂದ. ಯಾವ ಕಾಲೇಜು ಎಂದು ಅವಳು ಕೇಳಲಿಲ್ಲ. ಅವಳ ಕಣ್ಣು ತನ್ನ ಅಂಗಿಯ ಜೇಬಿನ ಮೇಲಿರುವುದು ಅವನಿಗೆ ಆಗ ಅರಿವಾಯಿತು. ಹಸಿರು ರಿಬ್ಬನ್ನಿನ ಬಿಲ್ಲೆ ಇನ್ನೂ ಅಲ್ಲೇ ಇತ್ತು, ಅದರ ಮೇಲೆ ರಮಾಕಾಂತರಾವ್ ಹೆಸರು ದೊಡ್ಡ ಅಕ್ಷರಗಳಲ್ಲಿ ಇತ್ತು. ಅವನು ಒಳಗೆ ಬಂದಾಗಿನಿಂದ ಅವಳು ಅದನ್ನು ನೋಡಿಕೊಂಡೇ ಮಾತನಾಡಿದ್ದಳು. ಅವನು ಬಿಲ್ಲೆಯನ್ನು ಕೀಳಲು ಹೋದ, ಪಿನ್ನು ಬೆರಳಿಗೆ ಚುಚ್ಚಿತು.

"ಇರಲಿ ಬಿಡ್ರಿ. ಕೂಸಿಂದೇನು ತಪ್ಪು" ಎಂದು ಅವಳು ಎದ್ದಳು. "ಹೊರಗಿನ ಅಡಗಿ ಹಾಸ್ಟೆಲಿನಾಗ ಬಿಡ್ತಾರೇನು ಈಗ? ಆವಾಗ ನಾ ಬಿಡ್ತಿದ್ದೆ. ಕೂಡ್ರಿ, ಎರಡು ರೊಟ್ಟಿ ಕಟ್ಟಿ ಕೊಡ್ತೀನಿ."

ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು, ಕತ್ತರಿಯ ಸದ್ದೂ ಆಯಿತು. ಹೊರಗೆ ಬಂದು, ಪೊಟ್ಟಣದ ದಾರದ ಗಂಟನ್ನು ಕೂಡಿಕೊಂಡ ಆ ಎರಡು ಬೆರಳುಗಳಿಂದ ಒತ್ತಿ ಹಿಡಿದು ಬಿಗಿದಳು. ಅವನು ಅವಳ ಕಾಲು ಮುಟ್ಟಬೇಕೆಂದು ಬಗ್ಗುವಷ್ಟರಲ್ಲಿ, ಬಸ್ಸಿನ ಹೊತ್ತಾಯಿತು ಹೋಗಿ ಎಂದು ಮೊರ ಎತ್ತಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಪೊಟ್ಟಣ. ಇಬ್ರಾಹಿಂಪಟ್ಟಣ ದಾಟಿದ ಮೇಲೆ ಅವನು ಅದನ್ನು ಸರಿಯಾಗಿ ನೋಡಿದ. ಪುಸ್ತಕದ ನಡುವಿನ ಪಿನ್ನಿನಿಂದ ಬಿಡಿಸಿ ತೆಗೆದ ಜೋಡಿ ಹಾಳೆಯಲ್ಲಿ ಅದನ್ನು ಸುತ್ತಿದ್ದಳು. ಒಂದು ಬದಿಗೆ ಇಪ್ಪತ್ತೆರಡನೆಯ ಪುಟ, ತಲೆತುಂಬ ಕೂದಲಿನ, ಎತ್ತರದ ರಮಾಕಾಂತರಾವ್ ಹಾರ ಹಾಕಿಸಿಕೊಳ್ಳುತ್ತಿದ್ದ. ಅವನು ಪೊಟ್ಟಣವನ್ನು ತಿರುಗಿಸಿದ. ಹನ್ನೊಂದನೆಯ ಪುಟದಲ್ಲಿ ತಗಡಿನ ಶೆಡ್ಡು ಹಾಗೇ ಇತ್ತು, ಹುಡುಗರ ಸಾಲು ಹಾಗೇ ಇತ್ತು, ಒಲೆಯ ಮುಂದೆ ವಿಜಯಲಕ್ಷ್ಮಿ ಮೂಗುತಿ ಹೊಳೆಸುತ್ತ ಕೂತಿದ್ದಳು. ಕೈ ಇದ್ದ ಕಡೆ ಮಾತ್ರ ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿದ ಒಂದು ತೂತು. ಅದರೊಳಗಿನಿಂದ ರೊಟ್ಟಿಗೆ ಸುತ್ತಿದ್ದ ಬಾಳೆಎಲೆಯ ಹಸಿರು ಕಾಣುತ್ತಿತ್ತು.